ನಮ್ಮ ಪಾರ್ಕಿನಿಂದ ಪ್ರತಿಮೆ ಇಳಿದದ್ದು

ಮದುವೆಯಾಗಿ ದಾವಣಗೆರೆಯಿಂದ ರಾಜಾಜಿನಗರಕ್ಕೆ ಬಂದ ಮೊದಲ ವರ್ಷ ನಾನು ಕಲಿತ ದೊಡ್ಡ ವಿದ್ಯೆಯೆಂದರೆ ಎರಡು ಕೊಡ ನೀರನ್ನು ಒಟ್ಟಿಗೆ ಹೊರುವುದು. ಒಂದು ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ. ಎಪ್ಪತ್ತರ ದಶಕದ ಆರಂಭ ಅದು. ನಮ್ಮ ಬ್ಲಾಕಿನ ತಗ್ಗಿನ ಮನೆಗಳಿಗೆ ನಲ್ಲಿ ಬಂದಿತ್ತು. ದಿಣ್ಣೆಯ ಮೇಲಿದ್ದ ನಮ್ಮ ಕೆಲವು ಬೀದಿಗಳಿಗೆ ಬಂದಿರಲಿಲ್ಲ. ಬೆಳಿಗ್ಗೆ ಫ್ಯಾಕ್ಟರಿಯ ಸೈರನ್ ಕೂಗುವ ಮೊದಲೇ ನಾವು ಹೆಂಗಸರೆಲ್ಲ ಕೆಳಗಿನ ಬೀದಿಯ ಬೋರ್‌ವೆಲ್ ಹತ್ತಿರ ಸಾಲು ನಿಲ್ಲುತ್ತಿದ್ದೆವು. ನಾನು ಬಸುರಿಯಾದ ಮೇಲೆ ಕೊಡ ನನ್ನ ಅತ್ತೆಯ ಸೊಂಟಕ್ಕೆ ಹೋಯಿತು. ಅವರಿಗೆ ಆಗಲೇ ಮಂಡಿ ನೋವು.

ಆ ನೀರನ್ನು ದಿಣ್ಣೆ ಹತ್ತಿಸಿದವರು ನಮ್ಮ ವಾರ್ಡಿನ ಕೌನ್ಸಿಲರ್. ಮೂಲತಃ ಕಂಟ್ರಾಕ್ಟರ್, ಸ್ವಂತದ್ದೊಂದು ಲಾರಿ ಇತ್ತು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬ, ದಪ್ಪ ಮೀಸೆ, ಯಾರ ಮಾತನ್ನೂ ಪೂರ್ತಿ ಕೇಳದೆ "ಆಯ್ತು, ಆಯ್ತು" ಎನ್ನುವ ಅಭ್ಯಾಸ. ಆದರೆ ಪೈಪು ಹಾಕುವಷ್ಟು ದಿನವೂ ಅವರು ಸ್ಕೂಟರಿನಲ್ಲಿ ಬಂದು ಮಣ್ಣಿನ ಗುಡ್ಡೆಯ ಮೇಲೆ ನಿಂತು ಕೆಲಸ ಮಾಡಿಸಿದರು. ನಮ್ಮ ನಲ್ಲಿಯಲ್ಲಿ ಮೊದಲ ನೀರು ಕೆಂಪಗೆ ಕೆಮ್ಮುತ್ತಾ ಬಂತು, ಆಮೇಲೆ ತಿಳಿಯಾಯಿತು. ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಊದಿಕೊಂಡಿದ್ದ ಪಾದಗಳನ್ನು ಅದರ ಕೆಳಗೆ ಚಾಚಿದೆ. ಅತ್ತೆ "ಸಾಕು ಏಳವ್ವ, ನೆಗಡಿ ಆಗ್ತೈತಿ" ಎಂದರು. ನಾನು ಏಳಲಿಲ್ಲ. ಅಷ್ಟು ಸುಖವಾಗಿತ್ತು.

ಹಾಗಾಗಿ ಅವರ ಪ್ರತಿಮೆಯ ಜಗಳ ಶುರುವಾದಾಗ ನಾನು ಪ್ರತಿಮೆಯ ಕಡೆ ಇದ್ದೆ.

ಜಗಳ ಶುರುವಾದದ್ದು ಅವರು ಮುಂದಿನ ಚುನಾವಣೆಯಲ್ಲಿ ಸೋತ ಮೇಲೆ. ಸೋಲಿನಿಂದ ಅವರಿಗಿಂತ ಹೆಚ್ಚು ನೊಂದವರು ಅವರ ಹಿಂದೆ ಓಡಾಡುತ್ತಿದ್ದ ಹುಡುಗರು. ಅವರಿಗೆಲ್ಲ ಮುಂದಾಳು ಸೈಕಲ್ ಶಾಪಿನವನು. ಅವನು ಚಂದಾ ಎತ್ತಿ ನಮ್ಮ ಮೂರು ಮೂಲೆಯ ಪಾರ್ಕಿನಲ್ಲಿ, ಹೊಂಗೆ ಮರದ ಪಕ್ಕ, ಮಾಜಿ ಕೌನ್ಸಿಲರರ ಆಳೆತ್ತರದ ಸಿಮೆಂಟು ಪ್ರತಿಮೆ ನಿಲ್ಲಿಸುವುದೆಂದು ತೀರ್ಮಾನಿಸಿದ. ಪ್ರತಿಮೆ ಮಾಡಿದವನು ದೇವಸ್ಥಾನದ ಗೋಪುರಗಳಿಗೆ ಗಾರೆ ಬೊಂಬೆ ಮಾಡುವ ಕಲಾವಿದ. ಅವನು ಅಲ್ಲಿಯವರೆಗೆ ದೇವರನ್ನಲ್ಲದೆ ಮನುಷ್ಯರನ್ನು ಮಾಡಿದವನಲ್ಲ.

ಪರದೆ ಎಳೆದ ದಿನ ನಾವೆಲ್ಲ ಹೋಗಿದ್ದೆವು. ನನ್ನ ಮಗಳು ಆಗ ಕಂಕುಳ ಕೂಸು. ಪರದೆ ಸರಿಯಿತು. ಬೆಳ್ಳಿ ಬಣ್ಣ ಹೊಡೆದ ಮಾಜಿ ಕೌನ್ಸಿಲರರು, ಕಿವಿಯವರೆಗೆ ಎಳೆದ ದೊಡ್ಡ ಕಣ್ಣು, ಕೆಂಪು ತುಟಿ, ಉಬ್ಬಿದ ಎದೆ, ಅಭಯ ಕೊಡುವಂತೆ ಎತ್ತಿದ ಬಲಗೈ. ಕಾಲಿಗೆ ಮಾತ್ರ ಪಂಪ್ ಷೂ. ಸೈಕಲ್ ಶಾಪಿನವನು ಏಣಿ ಹತ್ತಿ ಮಂಡಿಯವರೆಗೆ ಇಳಿಯುವ ಸೇವಂತಿಗೆ ಹಾರ ಹಾಕಿದ. ಚಪ್ಪಾಳೆ ಬೀಳುವ ಮೊದಲೇ ನನ್ನ ಅತ್ತೆಯ ದನಿ ಕೇಳಿತು.

"ಅಯ್ಯೋ ಶಿವನೇ! ಆ ಮನುಷ್ಯ ಅಲ್ಲೇ ಕುರ್ಚಿ ಮ್ಯಾಲೆ ಅರಾಮ ಕುಂತಾನಲ್ಲೋ! ಯಾಕ್ರಪ್ಪ ಹಾರ ಹಾಕಿದ್ರಿ?"

ಜನ ನಕ್ಕರು. ಕುರ್ಚಿಯ ಮೇಲೆ ಕುಳಿತಿದ್ದ ಮಾಜಿ ಕೌನ್ಸಿಲರರೂ ನಗಲು ಪ್ರಯತ್ನಿಸಿದರು. ಅವರ ಹಿಂದೆ ನಿಂತಿದ್ದ ಅವರ ಹೆಂಡತಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇಗ ಬೇಗ ಮನೆಯ ಕಡೆ ನಡೆದುಬಿಟ್ಟರು. ನಗು ತಡೆಯಲಾರದೆ ಹೋದರೆಂದು ನಾನು ತಿಳಿದೆ.

ಪ್ರತಿಮೆ ತೆಗೆಯಬೇಕು ಎಂದು ಮೊದಲು ಹೇಳಿದವರು ನಮ್ಮ ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು. ಅವರಿಗೆ ಮಾಜಿ ಕೌನ್ಸಿಲರರ ಮೇಲೆ ಒಂದು ಖಚಿತವಾದ ದೂರಿತ್ತು. ಮಕ್ಕಳ ಆಟದ ಮೈದಾನದ ಒಂದು ಮೂಲೆಯಲ್ಲಿ ಮರದ ವ್ಯಾಪಾರದ ಶೆಡ್ಡು ಎದ್ದಿತ್ತು. ಅದು ಕೌನ್ಸಿಲರರ ಭಾಮೈದನದು. ಅವರ ಅಧಿಕಾರದ ಕಾಲದಲ್ಲೇ ಎದ್ದದ್ದು. ಮೇಷ್ಟ್ರು ಎಷ್ಟು ಕೇಳಿದರೂ ಅವರು "ಆಯ್ತು, ಆಯ್ತು" ಎಂದು ಸ್ಕೂಟರ್ ಹತ್ತುತ್ತಿದ್ದರು.

ಆಮೇಲಿನ ಕೆಲವು ತಿಂಗಳು ನಮ್ಮ ಬ್ಲಾಕಿನಲ್ಲಿ ಬೇರೆ ಮಾತೇ ಇರಲಿಲ್ಲ. ಹಾಲಿನ ಬೂತಿನಲ್ಲಿ ಅದೇ, ಸಿಟಿ ಬಸ್ ಸ್ಟಾಪಿನಲ್ಲಿ ಅದೇ, ಹೆಗ್ಗನಹಳ್ಳಿಯಿಂದ ಸೊಪ್ಪು ತರುವ ಅಜ್ಜಿಯ ಬುಟ್ಟಿಯ ಸುತ್ತಲೂ ಅದೇ. ನಮ್ಮ ಮನೆಯಲ್ಲಂತೂ ಅಡುಗೆಮನೆ ಇಬ್ಭಾಗವಾಯಿತು. ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾ ವಾದಿಸುತ್ತಿದ್ದರು. ಅವರಿಗೆ ಸಿಟ್ಟು ಬಂದ ದಿನ ರೊಟ್ಟಿ ಹಪ್ಪಳದಷ್ಟು ತೆಳ್ಳಗಾಗುತ್ತಿತ್ತು.

"ನೀರು ತಂದಾನ, ಇಲ್ಲ ಅನ್ನಂಗಿಲ್ಲ. ಅದಕ್ಕ ಮನುಷ್ಯನ್ನ ಜೀವಂತ ಕಲ್ಲು ಮಾಡಿ ಬಿಸಿಲಾಗ ನಿಲ್ಲಸ್ತಾರೇನು?"

"ಅತ್ತೆ, ನಿಮ್ಮ ಮಂಡಿ ಉಳಿದದ್ದು ಯಾರಿಂದ ಹೇಳಿ. ಅಷ್ಟು ಉಪಕಾರ ನೆನೆಸ್ಕೊಂಡ್ರೆ ತಪ್ಪೇನು?"

"ನೆನಸ್ಕೋ. ಮನಸಿನಾಗ ನೆನಸ್ಕೋ. ಪಾರ್ಕಿನಾಗ ಯಾಕ?"

ನನ್ನ ಗಂಡ ಫ್ಯಾಕ್ಟರಿಯ ಮೊದಲ ಪಾಳಿ ಮುಗಿಸಿ ಬಂದು ಕೈ ತೊಳೆದು ಕೂರುತ್ತಿದ್ದರು. ನೀವು ಯಾರ ಕಡೆ ಎಂದು ಕೇಳಿದರೆ, "ಮೊದಲು ತಟ್ಟೆಗೆ ಯಾರು ಹಾಕ್ತಾರೋ ಅವರ ಕಡೆ" ಎನ್ನುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹಾಕುತ್ತಿದ್ದೆವು. ಆ ದಿನಗಳಲ್ಲಿ ಅವರು ಸ್ವಲ್ಪ ದಪ್ಪಗಾದರು.

ಮೇಷ್ಟ್ರೂ ಒಮ್ಮೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಹೇಳಿದರು. "ನೋಡಮ್ಮ, ನೀನು ನೀರು ನೋಡ್ತಾ ಇದೀಯ, ನಾನು ಶೆಡ್ ನೋಡ್ತಾ ಇದೀನಿ. ಎರಡೂ ಅವರು ಮಾಡಿದ್ದೇ. ಮನುಷ್ಯ ಅಂದ್ಮೇಲೆ ಎರಡೂ ಇರುತ್ತೆ, ತಪ್ಪಿಲ್ಲ. ಆದ್ರೆ ಪ್ರತಿಮೆ ಮಾಡಿ ನಿಲ್ಲಿಸಿದ್ರೆ ನೀರು ಮಾತ್ರ ಕಾಣುತ್ತೆ, ಶೆಡ್ ಮರೆತುಹೋಗುತ್ತೆ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಆದರೂ ನಾನು ಬದಲಾದದ್ದು ಅದರಿಂದಲ್ಲ.

ಅವರೆಕಾಯಿಯ ಕಾಲ ಬಂದಿತ್ತು. ಒಂದು ಬೆಳಿಗ್ಗೆ ಪಾರ್ಕಿನ ಅಂಚಿನಲ್ಲಿ ನಿಂತ ಗಾಡಿಯ ಹತ್ತಿರ ಮಾಜಿ ಕೌನ್ಸಿಲರರ ಹೆಂಡತಿಯೂ ನಾನೂ ಪಕ್ಕ ಪಕ್ಕ ನಿಂತು ಕಾಯಿ ಆರಿಸುತ್ತಿದ್ದೆವು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮೆತ್ತಗಿನ ಮಾತಿನವರು, ಸಭೆ ಸಮಾರಂಭಗಳಲ್ಲಿ ಯಾವಾಗಲೂ ಹಿಂದೆ ನಿಲ್ಲುವವರು. ಅವರು ಪ್ರತಿಮೆಗೆ ಬೆನ್ನು ಹಾಕಿ ನಿಂತಿದ್ದರು. ಗಾಡಿಯವನು ಒಳ್ಳೆಯ ಕಾಯಿಗಳಿದ್ದ ಆ ಕಡೆಗೆ ಬನ್ನಿ ಎಂದರೂ ತಿರುಗಲಿಲ್ಲ.

"ಯಾಕಕ್ಕ, ಆ ಕಡೆ ಬಿಸಿಲಾ?" ಎಂದೆ.

ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. "ಬಿಸಿಲಲ್ಲಮ್ಮ. ಅದನ್ನ ನೋಡೋಕಾಗಲ್ಲ ನನಗೆ" ಎಂದರು. ನಾನು ಅವರನ್ನು ಕೈ ಹಿಡಿದು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅಡುಗೆಮನೆಯ ಕೆಂಪು ನೆಲದ ಮೇಲೆ ಅತ್ತೆಯೂ ಸೇರಿ ಮೂವರು ಕೂತು ಅವರೆಕಾಯಿ ಸುಲಿಯುತ್ತಿರುವಾಗ ಅವರು ಎಲ್ಲವನ್ನೂ ಹೇಳಿದರು. ಕೇಳುತ್ತಾ ಕೇಳುತ್ತಾ ನನ್ನ ಅತ್ತೆಯ ಕೈ ನಿಂತಿತು.

"ಇದನ್ನ ಯಜಮಾನ್ರಿಗೆ ಹೇಳೀರೇನವ್ವ?"

"ಹೇಳಿದೀನಿ. ಆಯ್ತು ಆಯ್ತು ಅಂತಾರೆ."

"ಹಂಗಾರೆ ಬರೋ ಭಾನುವಾರ ಪಾರ್ಕಿನಾಗ ಮೀಟಿಂಗ್ ಐತಿ. ಅಲ್ಲಿ ಹೇಳ್ರಿ."

"ಅಯ್ಯೋ, ಅಷ್ಟು ಜನದ ಮುಂದೆ ನಾನಾ?"

"ನಾನು ಮಗ್ಗುಲಾಗ ಕುಂತಿರ್ತೀನಿ. ಈಕೀನೂ ಇರ್ತಾಳೆ" ಎಂದು ನನ್ನನ್ನೂ ಸೇರಿಸಿದರು. ಪ್ರತಿಮೆಯ ವಿಷಯದಲ್ಲಿ ಅತ್ತೆ ಸೊಸೆ ಒಂದಾದದ್ದು ಆಗಲೇ.

ಭಾನುವಾರದ ಸಭೆಗೆ ಇಡೀ ಬ್ಲಾಕು ಬಂದಿತ್ತು. ಮಹಾಲಕ್ಷ್ಮಿ ಲೇಔಟಿನ ಕಡೆಯಿಂದಲೂ ಕೆಲವರು ತಮಾಷೆ ನೋಡಲು ಬಂದಿದ್ದರು. ಚಳಿಗಾಲದ ಎಳೆ ಬಿಸಿಲು, ಹೊಂಗೆ ಮರದ ಕೆಳಗೆ ಜಮಖಾನ. ಮಾಜಿ ಕೌನ್ಸಿಲರರನ್ನು ಗೌರವದಿಂದ ಕುರ್ಚಿ ಹಾಕಿ ಕೂರಿಸಿದ್ದರು. ದುರದೃಷ್ಟಕ್ಕೆ ಆ ಕುರ್ಚಿ ಸರಿಯಾಗಿ ಪ್ರತಿಮೆಯ ಕೆಳಗೇ ಇತ್ತು. ಮೇಲೊಬ್ಬರು, ಕೆಳಗೊಬ್ಬರು.

ಮೇಷ್ಟ್ರು ತಮ್ಮ ಮಾತು ಹೇಳಿದರು. ಶೆಡ್ಡಿನ ಹೆಸರು ಬಂದಾಗ ಜನ ಗುಸುಗುಸು ಎಂದರು. ಸೈಕಲ್ ಶಾಪಿನವನು ಎದ್ದು ನಿಂತ.

"ಏನ್ ಸಾರ್ ಇದು? ಕೆಲಸ ಮಾಡಿದೋರಿಗೆ ಒಂದು ಬೊಂಬೆ ನಿಲ್ಸೋದೂ ತಪ್ಪಾ? ಸತ್ ಮೇಲೆ ನಿಲ್ಸಿದ್ರೆ ಅವ್ರು ನೋಡೋದ್ ಯಾವಾಗ? ನಾವು ಪ್ರೀತಿಯಿಂದ ಮಾಡ್ಸಿದ್ದು ಸಾರ್. ಯಾರ ಅಪ್ಪಣೇನೂ ಬೇಕಾಗಿಲ್ಲ!"

"ಪ್ರೀತಿ ಇದ್ರೆ ನಿನ್ನ ಅಂಗಡಿ ಮುಂದೆ ನಿಲ್ಸಪ್ಪ" ಎಂದು ಯಾರೋ ಕೂಗಿದರು. "ತೆಗೀರಿ ನೋಡೋಣ" ಎಂದು ಇನ್ನೊಂದು ಕಡೆಯಿಂದ ಕೂಗು. ದನಿಗಳು ಏರಿದವು. ಮಾಜಿ ಕೌನ್ಸಿಲರರು ಕೈ ಎತ್ತಿ "ಆಯ್ತು, ಆಯ್ತು" ಎಂದರು. ಕೈ ಎತ್ತಿದಾಗ ಅವರು ಪ್ರತಿಮೆಯಂತೆಯೇ ಕಂಡು ಹುಡುಗರು ಕಿಸಕ್ಕೆಂದರು.

ಆಗ ನನ್ನ ಪಕ್ಕದಿಂದ ಸಣ್ಣ ದನಿ ಬಂತು. "ನಾನೊಂದು ಮಾತು ಹೇಳಬಹುದಾ?"

ಮಾಜಿ ಕೌನ್ಸಿಲರರ ಹೆಂಡತಿ ಎದ್ದು ನಿಂತದ್ದು ನೋಡಿ ಕೂಗುತ್ತಿದ್ದವರೆಲ್ಲ ಕೂತರು. ನನ್ನ ಅತ್ತೆ ಅವರ ಸೀರೆಯ ಅಂಚನ್ನು ಹಿಡಿದುಕೊಂಡೇ ಕೂತಿದ್ದರು.

"ದಿನಾ ಬೆಳಿಗ್ಗೆ ಇವರಿಗೆ ಕಾಫಿ ಕೊಟ್ಟು ತರಕಾರಿಗೆ ಅಂತ ಈ ಕಡೆ ಬರ್ತೀನಿ" ಎಂದರು. "ಇಲ್ಲಿ ನೋಡಿದ್ರೆ ಇವರೇ ಹಾರ ಹಾಕ್ಕೊಂಡು ನಿಂತಿರ್ತಾರೆ. ತಲೆ ಮೇಲೆ ಕಾಗೆ ಕೂತಿರುತ್ತೆ. ಎದೆ ಧಸಕ್ ಅನ್ನುತ್ತೆ ನನಗೆ. ತರಕಾರಿ ಅಲ್ಲೇ ಬಿಟ್ಟು ಮನೆಗೆ ಓಡ್ತೀನಿ. ಇವರು ಜಗಲಿ ಮೇಲೆ ಪೇಪರ್ ಓದ್ತಾ ಕೂತಿರ್ತಾರೆ. 'ಯಾಕೆ, ಸೊಪ್ಪು ಸಿಗಲಿಲ್ವಾ?' ಅಂತ ಕೇಳ್ತಾರೆ."

ಜನ ನಗಲಿಲ್ಲ. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

"ನನ್ನ ಕುಂಕುಮ ಗಟ್ಟಿಯಾಗಿರ್ಲಿ ಅಂತ ದೇವರಿಗೆ ಕೈ ಮುಗಿದು ಹೊರಗೆ ಬಂದ್ರೆ ಇದು ಕಾಣುತ್ತೆ. ಇವರು ನಿಮಗೆಲ್ಲ ನೀರು ತಂದ್ರು, ನನಗೂ ಹೆಮ್ಮೆ ಇದೆ. ಆದ್ರೆ ನನಗೆ ಇವರು ಮನೇಲಿದ್ರೆ ಸಾಕು, ಪಾರ್ಕಲ್ಲಿ ಬೇಡ." ಕೂರುವುದಕ್ಕೆ ಹೋದವರು ಮತ್ತೆ ನೆಟ್ಟಗೆ ನಿಂತರು. "ಮೇಷ್ಟ್ರು ಹೇಳಿದ ಆ ಶೆಡ್ಡು ನನ್ನ ತಮ್ಮನದು. ಅದೂ ಹೋಗ್ಲಿ. ಅವನಿಗೆ ನಾನೇ ಹೇಳ್ತೀನಿ."

ಮಾಜಿ ಕೌನ್ಸಿಲರರು ತಲೆ ಎತ್ತಿ ಪ್ರತಿಮೆಯನ್ನು ನೋಡಿದರು. ಬಹುಶಃ ಆವತ್ತೇ ಅದನ್ನು ಸರಿಯಾಗಿ ನೋಡಿದ್ದು. ಹಾರ ಒಣಗಿ ಕಂದಾಗಿತ್ತು, ಭುಜದ ಮೇಲೆಲ್ಲ ಕಾಗೆಯ ಹಿಕ್ಕೆ. ಅವರು ಎದ್ದು, ಯಾರ ಕಡೆಯೂ ನೋಡದೆ ಹೊರಟುಹೋದರು. ಸ್ಕೂಟರನ್ನೂ ತೆಗೆದುಕೊಳ್ಳಲಿಲ್ಲ, ನಡೆದೇ ಹೋದರು.

ಅವರ ಹೆಂಡತಿಗೆ ಮನೆಗೆ ಹೋಗಲು ಕಾಲು ಬರಲಿಲ್ಲ. "ಸಿಟ್ಟು ಮಾಡ್ಕೊಂಡ್ರು" ಎಂದು ಜಮಖಾನದ ಮೇಲೇ ಕೂತುಬಿಟ್ಟರು. ನನ್ನ ಅತ್ತೆ "ನಡೀರಿ, ನಾವೂ ಬರ್ತೀವಿ" ಎಂದು ಹೊರಟರು. ಕೂಸನ್ನು ಎತ್ತಿಕೊಂಡು ನಾನೂ ಹಿಂದೆ ನಡೆದೆ. ಅವರ ಮನೆಯ ಗೇಟಿನ ಒಳಗೆ ನಾವು ಕಾಲಿಟ್ಟಾಗ ಮಾಜಿ ಕೌನ್ಸಿಲರರು ಜಗಲಿಯ ಮೇಲೆ ಕೂತಿದ್ದರು. ಹೆಂಡತಿಯನ್ನೇ ನೋಡಿದರು.

"ನಿಜವಾಗ್ಲೂ ಅಷ್ಟು ಹೆದರ್ತಿದ್ಯಾ?"

"ಹೂಂ."

"ದಿನಾ?"

"ದಿನಾ."

ಅವರು ಪಕ್ಕಕ್ಕೆ ಸರಿದು ಜಗಲಿಯ ಮೇಲೆ ಜಾಗ ಮಾಡಿದರು. ಆಮೇಲೆ "ಪೆದ್ದಿ" ಎಂದರು. ಅಷ್ಟು ದೊಡ್ಡ ಮೀಸೆಯ ಕೆಳಗಿನ ತುಟಿ ನಡುಗಿದ್ದನ್ನು ನಾನು ಕಂಡೆ. ಅತ್ತೆ ನನ್ನ ಮೊಣಕೈ ತಿವಿದರು. ಇಬ್ಬರೂ ಸದ್ದಿಲ್ಲದೆ ಗೇಟು ಎಳೆದುಕೊಂಡು ವಾಪಸು ಬಂದೆವು. ದಾರಿಯುದ್ದಕ್ಕೂ ಅತ್ತೆ ಒಬ್ಬರೇ ನಗುತ್ತಿದ್ದರು.

ಮುಂದಿನ ಭಾನುವಾರ ಪ್ರತಿಮೆ ಇಳಿಸುವುದೆಂದಾಯಿತು. ಸೈಕಲ್ ಶಾಪಿನವನು ಮೊದಲೆರಡು ದಿನ ಮುಖ ಊದಿಸಿಕೊಂಡಿದ್ದ. ಮಾಜಿ ಕೌನ್ಸಿಲರರು ಅವನ ಅಂಗಡಿಗೆ ಹೋಗಿ, "ನೀನೇ ಹತ್ತಿಸಿದೆ, ನೀನೇ ಇಳಿಸಪ್ಪ. ಬೇರೆಯವರು ಮುಟ್ಟಿದ್ರೆ ನನಗೆ ಬೇಜಾರು" ಎಂದರಂತೆ. ಅವನು ಹಗ್ಗ, ಗಡಾರಿ, ಹುಡುಗರು ಎಲ್ಲವನ್ನೂ ಹೊಂದಿಸಿಕೊಂಡು ಬಂದ. ಯಾರು ಹೇಳಿದರೋ, ಮದುವೆ ಮನೆಯಿಂದ ವಾಪಸಾಗುತ್ತಿದ್ದ ಒಂದು ಓಲಗದ ತಂಡವೂ ಬಂದು ಊದತೊಡಗಿತು. ಬೀದಿಯ ಹೆಂಗಸರು ಚಿತ್ರಾನ್ನದ ಪಾತ್ರೆ ತಂದರು. ಪ್ರತಿಮೆ ನಿಲ್ಲಿಸಿದ ದಿನಕ್ಕಿಂತ ಇಳಿಸಿದ ದಿನವೇ ಹೆಚ್ಚು ಜನ, ಹೆಚ್ಚು ಸಡಗರ.

ಪ್ರತಿಮೆ ಮಾತ್ರ ಅಲ್ಲಾಡಲಿಲ್ಲ. ಪಾದದ ಒಳಗೆ ಕಬ್ಬಿಣದ ಸರಳು ಕಟ್ಟೆಗೆ ಇಳಿದಿತ್ತು. ಗರಗಸ ತಂದು ಕಣಕಾಲಿನ ಹತ್ತಿರ ಕೊಯ್ಯಬೇಕಾಯಿತು. ಮಾಜಿ ಕೌನ್ಸಿಲರರೇ ಪಂಚೆ ಎತ್ತಿ ಕಟ್ಟಿ, ಹಿಂದೆ ಪೈಪು ಹಾಕಿಸುವಾಗ ನಿಂತಂತೆ ನಿಂತು, "ಹುಷಾರು ಕಣ್ರೋ, ಮೂಗು ಹೋಗುತ್ತೆ! ಎಡಕ್ಕೆ, ಎಡಕ್ಕೆ!" ಎಂದು ಕೂಗುತ್ತಿದ್ದರು. ಹಗ್ಗದ ಒಂದು ತುದಿಗೆ ಮೇಷ್ಟ್ರು, ಇನ್ನೊಂದು ತುದಿಗೆ ನನ್ನ ಗಂಡ. ಕೊನೆಗೆ ಪ್ರತಿಮೆ ಮೆಲ್ಲನೆ ವಾಲಿ ಹುಲ್ಲಿನ ಹೊರೆಯ ಮೇಲೆ ಮಲಗಿತು. ಎಲ್ಲರೂ ಹೋ ಎಂದು ಕೂಗಿ ತಿರುಗಿ ನೋಡಿದರೆ ಕಟ್ಟೆಯ ಮೇಲೆ ಎರಡು ಸಿಮೆಂಟಿನ ಪಂಪ್ ಷೂ ಹಾಗೇ ಉಳಿದಿದ್ದವು.

"ಬಂದು ಹಾಕ್ಕೊಳ್ತಾರೆ ಬಿಡ್ರಿ" ಎಂದರು ನನ್ನ ಅತ್ತೆ. ಆ ನಗು ಎಷ್ಟು ಹೊತ್ತು ನಡೆಯಿತೆಂದರೆ ಓಲಗದವರು ಊದುವುದನ್ನು ನಿಲ್ಲಿಸಬೇಕಾಯಿತು.

ಇಳಿಸಿದ್ದನ್ನು ಒಡೆಯಬೇಕೆಂದು ಗಾರೆಯವರು ಸುತ್ತಿಗೆ ತಂದಿದ್ದರು. ಅಷ್ಟರಲ್ಲಿ ಸುದ್ದಿ ತಿಳಿದು ಬೊಂಬೆಯ ಕಲಾವಿದ ಓಡಿ ಬಂದ. "ಒಡೀಬೇಡಿ ಸ್ವಾಮಿ, ನನಗೆ ಕೊಟ್ಬಿಡಿ" ಎಂದ. ಕೆಂಗೇರಿಯ ಆಚೆ ಒಂದು ಹಳ್ಳಿಯ ದೇವಸ್ಥಾನದಲ್ಲಿ ಅವನ ಕೆಲಸ ನಡೆದಿತ್ತು. ಬಾಗಿಲಿನ ಬಲಗಡೆಯ ದ್ವಾರಪಾಲಕ ಮುಗಿದಿದ್ದ, ಎಡಗಡೆಯವನು ಇನ್ನೂ ಆಗಬೇಕಿತ್ತು. "ಎದೆ, ಕಣ್ಣು, ಮೀಸೆ ಎಲ್ಲಾ ಸರಿಯಾಗೇ ಇದೆ. ಕಿರೀಟ ಇಟ್ಟು ಗದೆ ಕೊಟ್ರೆ ಮುಗೀತು. ಕಾಲು ನಾನು ಮಾಡ್ಕೋತೀನಿ" ಎಂದ. ಮಾಜಿ ಕೌನ್ಸಿಲರರು ಹೆಂಡತಿಯ ಮುಖ ನೋಡಿದರು. ಅವರು ನಗುತ್ತಾ ತಲೆಯಾಡಿಸಿದರು. ಆವತ್ತೇ ಮಧ್ಯಾಹ್ನ ಪ್ರತಿಮೆ ತನ್ನದೇ ಯಜಮಾನರ ಲಾರಿಯಲ್ಲಿ ಅಂಗಾತ ಮಲಗಿ, ಕೈ ಎತ್ತಿಕೊಂಡೇ, ಕೆಂಗೇರಿಯ ಕಡೆ ಹೊರಟಿತು.

ಮರದ ಶೆಡ್ಡು ಅಷ್ಟು ಸುಲಭವಾಗಿ ಹೋಗಲಿಲ್ಲ. ಆ ತಮ್ಮ ಅಕ್ಕನ ಜೊತೆ ಕೆಲವು ವಾರ ಮಾತು ಬಿಟ್ಟ. ಆಕೆ ಬಿಡಲಿಲ್ಲ. ದಿನಾ ಸಂಜೆ ಹೋಗಿ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಕೆಲವು ಸಂಜೆ ನಾನೂ ಮಗಳನ್ನೆತ್ತಿಕೊಂಡು ಜೊತೆಗೆ ಕೂತದ್ದುಂಟು. ಯುಗಾದಿಯ ಹೊತ್ತಿಗೆ ಅವನು ಮರಮುಟ್ಟನ್ನೆಲ್ಲ ಮಾಗಡಿ ರಸ್ತೆಗೆ ಸಾಗಿಸಿದ. ಶೆಡ್ಡು ಬಿಚ್ಚಿದಾಗ ಹಿಂದಿನ ಸಂದಿಯಲ್ಲಿ ಮಕ್ಕಳ ಚೆಂಡುಗಳು ರಾಶಿ ಬಿದ್ದಿದ್ದವು. ಮೇಷ್ಟ್ರು ಅವನ್ನು ಪಂಚೆಯ ಮಡಿಲಲ್ಲಿ ತುಂಬಿಕೊಂಡು ಬೀದಿ ಬೀದಿ ಹಂಚಿದರು. ಕೆಲವು ಚೆಂಡಿನ ಒಡೆಯರಿಗೆ ಆಗಲೇ ಮೀಸೆ ಮೂಡಿತ್ತು.

ಬೇಸಿಗೆಯಲ್ಲಿ ಕಲಾವಿದ ಹೇಳಿ ಕಳಿಸಿದ. ಕೆಲಸ ಮುಗಿದಿದೆ, ಎಲ್ಲರೂ ಬಂದು ನೋಡಬೇಕು. ಮಾಜಿ ಕೌನ್ಸಿಲರರು ಲಾರಿಗೆ ಜಮಖಾನ ಹಾಸಿಸಿದರು. ಅಂದು ಡ್ರೈವರಿಗೆ ರಜೆ, ಅವರೇ ಸ್ಟೀರಿಂಗ್ ಹಿಡಿದರು. ಮುಂದೆ ಅವರ ಪಕ್ಕದಲ್ಲಿ ಮೇಷ್ಟ್ರು, ಹಿಂದೆ ನಾವೆಲ್ಲ. ಅತ್ತೆಯ ರೊಟ್ಟಿ, ಚಟ್ನಿಪುಡಿ, ಮೊಸರನ್ನದ ಡಬ್ಬಿಗಳು. ನಾಗರಬಾವಿಯ ಹೊಲಗಳ ಮಗ್ಗುಲಲ್ಲಿ ಹೋಗುವಾಗ ಗಾಳಿಗೆ ಎಲ್ಲರ ಸೆರಗು ಹಾರಾಡುತ್ತಿತ್ತು.

ದೇವಸ್ಥಾನದ ಬಾಗಿಲಲ್ಲಿ ಎಡಗಡೆಗೆ ಅವರು ನಿಂತಿದ್ದರು. ನೀಲಿ ಮೈ, ಹಳದಿ ಕಿರೀಟ, ಹೆಗಲಿಗೆ ಗದೆ. ಕಾಲಿಗೆ ಷೂ ಬದಲು ಕಡಗ. ಅಭಯದ ಕೈ ಈಗ ತರ್ಜನಿ ಎತ್ತಿ ಒಳಗೆ ಬರುವವರನ್ನು ಎಚ್ಚರಿಸುತ್ತಿತ್ತು. ಮೀಸೆ ಮಾತ್ರ ಅದೇ. ಬಲಗಡೆಯವನು ಸಣಕಲ, ಇವರು ಭಾರಿ ಆಳು.

ಮೇಷ್ಟ್ರು ಬಹಳ ಹೊತ್ತು ನೋಡಿ ಹೇಳಿದರು. "ಈಗ ನನ್ನ ತಕರಾರಿಲ್ಲ ನೋಡಿ. ಸುಮ್ನೆ ನಿಂತಿಲ್ಲ, ಡ್ಯೂಟಿ ಮಾಡ್ತಿದಾನೆ."

ಮಾಜಿ ಕೌನ್ಸಿಲರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹೆಂಡತಿ ಹತ್ತಿರ ಹೋಗಿ ಆ ನೀಲಿ ಮುಖವನ್ನು ನೇರವಾಗಿ ನೋಡಿದರು. "ಇವನ್ಯಾರೋ ಬೇರೆ" ಎಂದು ಸಮಾಧಾನದಿಂದ ಹೇಳಿ, ನಮ್ಮ ಜೊತೆ ಒಳಗೆ ಬಂದು ಮಂಗಳಾರತಿ ತೆಗೆದುಕೊಂಡರು.

ಕೆರೆಯ ಏರಿಯ ಮೇಲೆ ಊಟ ಮುಗಿಸಿ ಹೊರಟಾಗ ಹೊತ್ತು ಇಳಿಯುತ್ತಿತ್ತು. ನನ್ನ ಮಗಳು ಮಾಜಿ ಕೌನ್ಸಿಲರರ ಹೆಂಡತಿಯ ತೊಡೆಯ ಮೇಲೆ ಮಲಗಿದ್ದಳು. ಅತ್ತೆ ಅವರಿಗೆ ಹಾಡು ಹೇಳಲು ಒತ್ತಾಯ ಮಾಡಿದರು. ಬೇಡ ಬೇಡ ಎಂದವರು, ಕೆಂಗೇರಿ ದಾಟಿದ ಮೇಲೆ, ಮಗುವಿನ ತಲೆ ಸವರುತ್ತಾ ಒಂದು ಜೋಗುಳ ಶುರು ಮಾಡಿದರು. ಇಷ್ಟು ಒಳ್ಳೆಯ ಕಂಠ ಅವರಿಗಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮುಂದೆ ಕುಳಿತಿದ್ದ ಅವರ ಯಜಮಾನರಿಗೆ ಇಂಜಿನ್ನಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ. ಲಾರಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಇಂಜಿನ್ ಆರಿಸಿದರು.